ಹೆಸರು ಹಿಡಿದು ಕರೆಯುವ ದನಿಯನ್ನು ಚಿತ್ರಿಸಿದ್ದು

ನನ್ನ ಕನ್ನಡ ವೆಬ್‌ಕಾಮಿಕ್‌ನ ಮೊದಲ ಕಂತಿಗೆ ಹುಲಿಯನ್ನು ಬರೆಯಲು ಹನ್ನೊಂದು ದಿನ ಹಿಡಿಯಿತು. ಮೀಸೆಯ ಎಳೆ ಎಳೆಯನ್ನೂ ತಿದ್ದಿ ತೀಡಿದ್ದೆ. ಆಮೇಲೆ ಅದನ್ನು ಪೂರ್ತಿ ಅಳಿಸಿದೆ. ಈಗ ಏಳು ಕಂತುಗಳಲ್ಲಿ ಎಲ್ಲಿ ಹುಡುಕಿದರೂ ಹುಲಿ ಸಿಗುವುದಿಲ್ಲ. ಅದು ತಿಂದ ಹುಡುಗಿಯ ದನಿ ಮಾತ್ರ ಇದೆ.

ಹುಲಿಗೆ ಬಲಿಯಾದವರ ಪ್ರೇತವನ್ನು ಕೊರಿಯಾದ ಜನಪದದಲ್ಲಿ ಚಾಂಗ್‌ಗ್ವಿ ಎನ್ನುತ್ತಾರೆ. ಸತ್ತ ಮೇಲೂ ಅದಕ್ಕೆ ಬಿಡುಗಡೆಯಿಲ್ಲ. ತನ್ನನ್ನು ತಿಂದ ಹುಲಿಗೇ ಆಳಾಗಿ ಅದರ ಮುಂದೆ ನಡೆಯಬೇಕು. ಆ ಜೀತ ತೀರಬೇಕಾದರೆ ತನ್ನ ಜಾಗಕ್ಕೆ ಇನ್ನೊಬ್ಬರನ್ನು ಒಪ್ಪಿಸಬೇಕು. ಅದಕ್ಕಾಗಿ ಅದು ರಾತ್ರಿ ಹೊತ್ತು ಸ್ವಂತ ಮನೆಯ ಬಾಗಿಲಿಗೇ ಬಂದು, ನೆಂಟರಿಷ್ಟರನ್ನು ಹೆಸರು ಹಿಡಿದು ಕರೆಯುತ್ತದೆ. ಹುಲಿಗೆ ಆಹುತಿಯಾದವರ ಮನೆಯೊಂದಿಗೆ ಹೆಣ್ಣು ಗಂಡು ಕೊಟ್ಟು ತರಲು ಜನ ಹೆದರುತ್ತಿದ್ದುದು ಈ ಕಾರಣಕ್ಕೆ.

ಇದನ್ನು ಮೊದಲ ಸಲ ಕೇಳಿದಾಗ ನಾನು ದಕ್ಷಿಣ ಕೊರಿಯಾದ ಗ್ಯಾಂಗ್ವೊನ್ ಪ್ರಾಂತ್ಯದಲ್ಲಿ ಓದುತ್ತಿದ್ದೆ. ನಾನಿದ್ದ ಕೋಣೆಯ ಕೆಳಗಿನ ಮನೆಯ ಹಲ್ಮೊನಿ, ಅಂದರೆ ಅಜ್ಜಿ, ಚಳಿಗಾಲದ ಒಂದು ಸಂಜೆ ಹೇಳಿದರು: "ರಾತ್ರಿ ಯಾರಾದರೂ ಒಂದು ಸಲ ಕರೆದರೆ ಓಗೊಡಬೇಡ." ನನ್ನ ಬೆನ್ನು ಝುಮ್ಮೆಂದಿತು. ನಾನು ಮಾಗಡಿ ಕಡೆಯ ಹಳ್ಳಿಯವಳು. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಊರುಗಳಲ್ಲೂ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಕದದ ಮೇಲೆ ಅದನ್ನು ಸೀಮೆಸುಣ್ಣದಲ್ಲಿ ಬರೆದವಳು ನಾನೇ. ಆಗಷ್ಟೇ ಅಕ್ಷರ ಕಲಿತಿದ್ದೆ. "ಳೆ"ಯನ್ನು ದುಂಡಗೆ ಬರೆಯದಿದ್ದರೆ ದೆವ್ವಕ್ಕೆ ಓದಲು ಬರುವುದಿಲ್ಲವೇನೋ ಎಂದು ಎರಡು ಸಲ ಒರೆಸಿ ಬರೆದಿದ್ದೆ.

ಆ ಬಾಗಿಲನ್ನು ಕಥೆಯೊಳಗೆ ತರುವ ಆಸೆ ಬಲವಾಗಿತ್ತು. ತರಲಿಲ್ಲ. ನಮ್ಮ ದೆವ್ವ ಓದಿಕೊಂಡು ಹೊರಟುಹೋಗುತ್ತದೆ, ಅದು ಹೊರಗಿನದು. ಚಾಂಗ್‌ಗ್ವಿಯಾದರೋ ಮನೆಯ ಮಗು. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯ. ಕಥೆ ಗ್ಯಾಂಗ್ವೊನ್ ಬೆಟ್ಟದಲ್ಲೇ ಉಳಿಯಿತು.

ಬೆಟ್ಟವನ್ನು ಬರೆಯಲು ಬೆಟ್ಟಕ್ಕೇ ಹೋದೆ. ಥೆಬೆಕ್, ಸಾಂಚೊಕ್, ಜೊಂಗ್‌ಸೊನ್ ಸುತ್ತ ಕಾಡು ಸುಟ್ಟು ಬೇಸಾಯ ಮಾಡುತ್ತಿದ್ದ ಬಡವರೇ ಹೆಚ್ಚಾಗಿ ಹುಲಿಯ ಬಾಯಿಗೆ ಬೀಳುತ್ತಿದ್ದರು. ಸಾಂಚೊಕ್‌ನಲ್ಲಿ ಉಳಿಸಿಕೊಂಡಿರುವ ಅವರ ಹಳೆಯ ಮನೆಗಳಿಗೆ ಹೆಂಚಿನ ಬದಲು ಪೈನ್ ಮರದ ಸೀಳುಹಲಗೆಯ ಸೂರು. ದನದ ಕೊಟ್ಟಿಗೆ ಮನೆಯ ಒಳಗೇ, ಚಳಿಗೂ ಹುಲಿಗೂ ಹೆದರಿ. ಮೂಲೆಯ ಗೋಡೆಯಲ್ಲಿ ಬೆಳಕಿಗೂ ಶಾಖಕ್ಕೂ ಒಂದು ಪುಟ್ಟ ಒಲೆಗೂಡು. ನನ್ನ ಕಥೆಯ ಬೆಳಕೆಲ್ಲ ಆ ಗೂಡಿನಿಂದಲೇ ಬರುತ್ತದೆ.

ಆದರೆ ಕಥೆಗೆ ಬೆನ್ನೆಲುಬು ಸಿಕ್ಕಿದ್ದು ಹೋಶಿಕ್‌ಚೊಂಗ್ ಎಂಬ ಸಮಾಧಿಯಲ್ಲಿ. ಹುಲಿ ಬಿಟ್ಟುಹೋದ ಅವಶೇಷಗಳನ್ನು ಸಿಕ್ಕ ಜಾಗದಲ್ಲೇ ಸುಟ್ಟು, ಮೇಲೆ ಕಲ್ಲು ಪೇರಿಸುತ್ತಿದ್ದರು. ಕಲ್ಲುಗುಪ್ಪೆಯ ನೆತ್ತಿಗೆ ಶಿರು, ಅಂದರೆ ಅಕ್ಕಿಯ ಕಡುಬು ಬೇಯಿಸುವ, ತಳದಲ್ಲಿ ತೂತುಗಳಿರುವ ಮಣ್ಣಿನ ಹಬೆಮಡಕೆಯನ್ನು ಬೋರಲು ಹಾಕುತ್ತಿದ್ದರು. ಆ ತೂತಿನಲ್ಲಿ ನೂಲುವ ಕಬ್ಬಿಣದ ಕದಿರನ್ನು ಚುಚ್ಚಿ ನಿಲ್ಲಿಸುತ್ತಿದ್ದರು. ಪ್ರೇತ ಮಡಕೆಯೊಳಗೆ ಬೇಯಲಿ, ಕದಿರಿನಂತೆ ನಿಂತಲ್ಲೇ ಸುತ್ತಲಿ, ಹೊರಗೆ ಬಾರದಿರಲಿ ಎಂದು. ನೂಲುವುದೂ ಕಡುಬು ಬೇಯಿಸುವುದೂ ದಿನನಿತ್ಯದ ಕೆಲಸ. ಸತ್ತ ಮಗಳನ್ನು ಕಟ್ಟಿಹಾಕಲು ತಾಯಿ ತನ್ನ ಅಡುಗೆಮನೆಯಿಂದಲೇ ಮಡಕೆ ತಂದುಕೊಡಬೇಕು! ಇದು ಹೊಳೆದ ದಿನವೇ ಹುಲಿಯನ್ನು ಅಳಿಸಿದ್ದು. ಕಥೆಯೂ ಅಂದೇ ಕೂಡಿಕೊಂಡಿತು: ಕಬ್ಬಿಣದ ಆಸೆಗೆ ಅಣ್ಣ ಆ ಕದಿರನ್ನು ಕೀಳುತ್ತಾನೆ, ಅಂದಿನಿಂದ ಸತ್ತ ಅಕ್ಕ, ತಂಗಿ ಓಕ್‌ಬುನ್‌ಳನ್ನು ಕರೆಯಲು ಬರುತ್ತಾಳೆ.

ಮೂರನೆಯ ಕಂತಿನ ಪಾತ್ರೆ ನೆಕ್ಕುವ ಸದ್ದು ನನ್ನ ಕಲ್ಪನೆಯಲ್ಲ. ಕೊರಿಯಾದ ಲೇಖಕ ಪಾಕ್ ಜಿವೊನ್ (1737–1805) ಬರೆದ "ಹೋಜಿಲ್" ಕಥೆಯಲ್ಲಿ ಹುಲಿಯ ಮೈಮೇಲೆ ಮೂರು ಚಾಂಗ್‌ಗ್ವಿಗಳು ಕೂತಿರುತ್ತವೆ. ಕಂಕುಳಲ್ಲಿರುವುದು ಹುಲಿಯನ್ನು ಅಡುಗೆಮನೆಗೆ ಕರೆದೊಯ್ಯುತ್ತದೆ. ಹುಲಿ ಕಡಾಯಿಯ ಕಿವಿ ನೆಕ್ಕಿದರೆ ಯಜಮಾನನಿಗೆ ಹಸಿವಾಗಿ, ನಡುರಾತ್ರಿ ಹೆಂಡತಿಗೆ ಅಡುಗೆ ಮಾಡೆನ್ನುತ್ತಾನೆ. ಕೆನ್ನೆಯ ಮೇಲಿನದು ದಾರಿ ಕಾಯುತ್ತದೆ. ಗದ್ದದ ಮೇಲಿನದು ತನಗೆ ಗೊತ್ತಿರುವವರ ಹೆಸರುಗಳನ್ನು ಹುಲಿಗೆ ಒಪ್ಪಿಸುತ್ತದೆ. ಅದನ್ನು ಓದಿದ ರಾತ್ರಿ ನಾನು ಅಡುಗೆಮನೆಯ ದೀಪ ಆರಿಸದೆ ಮಲಗಿದೆ.

ಹುಡುಗಿಯ ರೂಪದಲ್ಲಿ ಮೊದಲು ತಪ್ಪಿದೆ. ಪರದೆಯ ಮೇಲೆ ದೆವ್ವಗಳನ್ನು ನೋಡಿ ನೋಡಿ, ಕೈ ತಾನಾಗಿಯೇ ಬಿಳಿ ಬಟ್ಟೆ, ಬಿಚ್ಚಿದ ಕೂದಲು ಬರೆದಿತ್ತು. ಪರದೆಯನ್ನು ನಂಬಬಾರದು. ಕೊರಿಯಾದ ಕಪ್ಪು ಟೊಪ್ಪಿಯ ಯಮದೂತನ ರೂಪವೂ ಟೀವಿ ಧಾರಾವಾಹಿಯಿಂದಲೇ ಮನೆಮಾತಾದದ್ದು. ಹಳೆಯ ಬೌದ್ಧ ಚಿತ್ರಗಳಲ್ಲಿ ಅವನದು ಬಣ್ಣಬಣ್ಣದ ಉಡುಪು. ನನ್ನ ಹುಡುಗಿಯನ್ನು ತಂಗಿ ಗುರುತಿಸಬೇಕಿತ್ತು. ಹಾಗಾಗಿ ಮದುವೆಯಾಗದ ಹುಡುಗಿಯರಂತೆ ಒಂದೇ ಜಡೆ ಹಾಕಿ, ತುದಿಗೆ ಕೆಂಪು ಪಟ್ಟಿ ಕಟ್ಟಿದೆ. ಹಿಮದಲ್ಲಿ ಬಿಳಿ ಲಂಗ ಕರಗಿಹೋಗುತ್ತದೆ, ಮುಖ ಕಾಣುವುದಿಲ್ಲ. ದೂರದಲ್ಲಿ ಕೆಂಪು ಚುಕ್ಕೆಯೊಂದು ನಿಂತಿರುತ್ತದೆ, ಮುಂದಿನ ಚೌಕದಲ್ಲಿ ಸ್ವಲ್ಪ ಹತ್ತಿರ.

ಮೊಬೈಲ್‌ನಲ್ಲಿ ಓದುವ ಕಾಮಿಕ್‌ಗೆ ಹಾಳೆಯಿಲ್ಲ, ಮೇಲಿನಿಂದ ಕೆಳಗೆ ಇಳಿಯುವ ಪಟ್ಟಿಯಷ್ಟೇ. ನಾನು 1600 ಪಿಕ್ಸೆಲ್ ಅಗಲದಲ್ಲಿ ಬರೆದು 800ಕ್ಕೆ ಇಳಿಸುತ್ತೇನೆ. ಇಲ್ಲಿ ಕಾಲವನ್ನು ಅಳೆಯುವುದು ಖಾಲಿ ಜಾಗದಿಂದ. ಮೊದಲ ಕರೆಗೂ ಎರಡನೆಯದಕ್ಕೂ ನಡುವೆ 1200 ಪಿಕ್ಸೆಲ್ ಕತ್ತಲೆ, ಎರಡಕ್ಕೂ ಮೂರಕ್ಕೂ ನಡುವೆ ಅದರ ಇಮ್ಮಡಿ. ಓದಿ ನೋಡಿದ ಗೆಳತಿಯರು ಹೆಬ್ಬೆರಳಿನಿಂದ ಒಮ್ಮೆ ತಳ್ಳಿ ಆ ಕತ್ತಲೆಯನ್ನೆಲ್ಲ ದಾಟಿಬಿಟ್ಟರು. ನನ್ನ ಭಯ ಅರೆಗಳಿಗೆಯಲ್ಲಿ ಹಾರಿಹೋಯಿತು. ಆಗ ಕತ್ತಲೆಯಲ್ಲಿ ಹೆಜ್ಜೆಗುರುತುಗಳನ್ನು ಇಟ್ಟೆ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಷ್ಟು ಮಸುಕಾಗಿ. ಒಂದು ಕಂಡ ಬೆರಳು ತಾನೇ ನಿಧಾನವಾಗುತ್ತದೆ, ಮುಂದಿನದನ್ನು ಹುಡುಕುತ್ತದೆ. ಮೊದಲು ಹುಡುಗಿಯ ಹೆಜ್ಜೆ. ಕೊನೆಯ ಮೂರು ಹೆಜ್ಜೆಗಳ ಪಕ್ಕದಲ್ಲಿ ಪಂಜ.

ಅಕ್ಷರ ಬರೆಯುವುದು ಇನ್ನೊಂದು ಪಾಡು. ಕೊರಿಯನ್ ಬರಹವನ್ನು ಮಾತಿನ ಗುಳ್ಳೆಯೊಳಗೆ ಬೇಕಾದಲ್ಲಿ ಮುರಿಯಬಹುದು. "ಹೋಗುತ್ತಿದ್ದಾಳೆ" ಎಂಬ ಪದವನ್ನು ಎಲ್ಲಿ ಮುರಿಯುವುದು? ಜೊತೆಗೆ ನನ್ನ ಚಿತ್ರದ ತಂತ್ರಾಂಶದಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಮಾತುಗಳನ್ನೆಲ್ಲ ಇಂಕ್‌ಸ್ಕೇಪ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಬೇರೆಯಾಗಿ ಬರೆದು ತಂದು ಕೂರಿಸಿದೆ. ಉದ್ದ ಕ್ರಿಯಾಪದಗಳಿರುವ ಸಾಲುಗಳನ್ನು ಮತ್ತೆ ಬರೆದೆ.

ಕರೆಯನ್ನು ಮಾತ್ರ ಕೈಯಲ್ಲೇ ಬರೆಯಬೇಕಿತ್ತು. ಕೊರಿಯನ್‌ನಲ್ಲಿ ಓಕ್‌ಬುನ್ ಎಂಬ ಹೆಸರನ್ನು ಕೂಗುವಾಗ "ಓಕ್‌ಬುನಾ" ಆಗುತ್ತದೆ. ಕನ್ನಡದ ಕಿವಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಮುಸ್ಸಂಜೆ ಅಮ್ಮಂದಿರು ಮಕ್ಕಳನ್ನು ಕರೆಯುವಾಗ ಹೆಸರಿನ ಕೊನೆಯನ್ನು ನಾವೂ ಎಳೆಯುತ್ತೇವೆ. ಹಲ್ಮೊನಿಯನ್ನು ಕೇಳಿಕೊಂಡೆ: ಗದ್ದೆಯ ಆಚೆಗಿರುವ ಮಗುವನ್ನು ಕರೆದಂತೆ ಒಮ್ಮೆ ಕೂಗುತ್ತೀರಾ? ಅವರು ಅಂಗೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದು ಕೂಗಿದರು. ದನಿ ಏರಿತು, ಅಲ್ಲೇ ನಿಂತಿತು, ಕೊನೆಯಲ್ಲಿ ಬಾಗಿ ಇಳಿಯಿತು. ಆ ಏರಿಳಿತವನ್ನೇ "ನಾ"ದ ದೀರ್ಘಕ್ಕೆ ಕೊಟ್ಟೆ. ಅಕ್ಷರದ ಆ ಕೊಂಡಿ ಹೊಗೆಯಂತೆ ಎಳೆದುಕೊಂಡು ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ, ಹೊದಿಕೆಯ ಅಂಚನ್ನು ಮುಟ್ಟುತ್ತದೆ. ಮೂರನೆಯ ಕರೆಗೆ ಚಿತ್ರವೇ ಇಲ್ಲ, ಆ ಗೆರೆ ಮಾತ್ರ.

ಏಳನೆಯ ಕಂತು ಮುಗಿದ ದಿನ ಹಲ್ಮೊನಿಗೆ ತೋರಿಸಿದೆ. ಕನ್ನಡ ಬಾರದ ಅವರಿಗೆ ಮಾತುಗಳನ್ನು ಪಕ್ಕದಲ್ಲಿ ಕೂತು ಓದಿ ಹೇಳಿದೆ. ಗೆರೆ ಬಂದಾಗ ನಾನು ಸುಮ್ಮನಿದ್ದೆ. ಅವರ ಬೆರಳು ಅದರ ಮೇಲೆಯೇ ಕೊನೆಯವರೆಗೂ ಹರಿದು ನಿಂತಿತು. ಮೊಬೈಲನ್ನು ಬೋರಲು ಇಟ್ಟು ಕೇಳಿದರು: "ಆ ಕದಿರನ್ನು ಯಾರೂ ತಿರುಗಿ ತಂದಿಡಲಿಲ್ಲವೇ?"

ಆ ರಾತ್ರಿ ಕೂತು ಇನ್ನೊಂದು ಚೌಕ ಬರೆದೆ. ಹಿಮ ಕವಿದ ಕಲ್ಲುಗುಪ್ಪೆ, ಬೋರಲು ಮಡಕೆ, ಅದರ ಮುಂದೆ ಮಂಡಿಯೂರಿದ ತಾಯಿ. ಕದಿರು ಅವಳ ಕೈಯಲ್ಲಿದೆ. ಅವಳಿನ್ನೂ ಅದನ್ನು ಚುಚ್ಚಿಲ್ಲ.