ಮೆತ್ತಿನ ಮೇಲೆ ಕೂತು ಹಿಗ್ಸ್ ಹುಡುಕಿದ್ದು

ಜೂನ್ ಕೊನೆಯ ವಾರ, ಶಿರಸಿಯಲ್ಲಿ ಜಡಿಮಳೆ. ರಾತ್ರಿ ಒಂದೂವರೆಗೆ, ಮನೆಯ ಮೆತ್ತಿನ (ಮೇಲಂತಸ್ತಿನ) ಮೇಲೆ, ಪರದೆಯ ಗ್ರಾಫಿನಲ್ಲಿ 125 ಜಿಇವಿ (ಕಣಗಳ ತೂಕ ಹೇಳುವ ಅಳತೆ) ಹತ್ತಿರ ಸಣ್ಣ ದಿಬ್ಬ ಎದ್ದು ನಿಂತಿತು. 2012ರ ಜುಲೈ 4ರಂದು ಜಿನೀವಾ ಹತ್ತಿರದ ಕಣ ಪ್ರಯೋಗಾಲಯ ಸರ್ನ್‌ನವರು ಜಗತ್ತಿಗೆ ಹೇಳಿದ ಹಿಗ್ಸ್ ಬೋಸಾನ್ ಎಂಬ ಕಣ ಅದು. ಅವರು ಎಲ್ಲರಿಗೂ ಬಿಟ್ಟುಕೊಟ್ಟ, ಸಿಎಂಎಸ್ ಎಂಬ ಪತ್ತೆಯಂತ್ರದ ದತ್ತಾಂಶ, ಆದರೆ ಕೋಡ್ ಪೂರ್ತಿ ನನ್ನದು.

"ಭಾವ, 27 ಕಿಲೋಮೀಟರ್ ಸುತ್ತಳತೆಯ ಯಂತ್ರದ ಕೆಲಸ ಅದು. ನಿನ್ನ ಹಳೇ ಲ್ಯಾಪ್‌ಟಾಪಲ್ಲಿ ಆಗ್ತದಾ?" ಅಂತ ಹೆಂಡತಿಯ ತಮ್ಮ ಕೇಳಿದ್ದ. ಕಾಲೇಜಿನ ಗೆಳೆಯರೂ ನಂಬಿರಲಿಲ್ಲ.

ಮೊದಲ ವರ್ಷ ಪೂರಾ ದಂಡ. ಮೂಲ ದತ್ತಾಂಶಕ್ಕೇ ಕೈ ಹಾಕಿದ್ದೆ. 2016ರಲ್ಲಿ ಬಿಟ್ಟಿದ್ದೇ 300 ಟಿಬಿ ಆಸುಪಾಸು! ಒಂದು ತುಣುಕು ಇಳಿಸೋಣ ಅಂದರೆ ನಡುವೆ ಕರೆಂಟ್ ಹೋಗುತ್ತಿತ್ತು, ಮತ್ತೆ ಸೊನ್ನೆಯಿಂದ ಶುರು. 4 ಜಿಬಿ ರ್‍ಯಾಮ್‌ನಲ್ಲಿ ಅವರ ತಂತ್ರಾಂಶ ಓಡಿಸುವ ವರ್ಚುವಲ್ ಮಷೀನ್ ಎದ್ದೇಳಲೇ ಇಲ್ಲ. ಆಮೇಲೆ ರ್‍ಯಾಮ್, ಹಾರ್ಡ್ ಡಿಸ್ಕ್, ಇನ್ವರ್ಟರ್‌ಗೆ ಹೊಸ ಬ್ಯಾಟರಿ ಅಂತ ಸುಮಾರು 22 ಸಾವಿರ ಹೋಯಿತು. ಅರ್ಧ ಕ್ವಿಂಟಲ್ ಚಾಲಿ ಅಡಿಕೆ ಮಾರಿದ ದುಡ್ಡು. ಮನೆಯಲ್ಲಿ ಎರಡು ದಿನ ಮಾತಿಲ್ಲ.

ದಾರಿ ಕೊಟ್ಟಿದ್ದು ಜರಡಿ ಹಿಡಿದಿಟ್ಟ ಸಣ್ಣ ಫೈಲುಗಳು. ಎರಡು ಮ್ಯೂಯಾನ್‌ಗಳ (ಮ್ಯೂಯಾನ್ ಅಂದರೆ ಎಲೆಕ್ಟ್ರಾನಿನ ಭಾರದ ಅಣ್ಣ) ಫೈಲು 2 ಜಿಬಿ ಚಿಲ್ಲರೆ, ಅದರಲ್ಲೇ ಪ್ರೋಟಾನುಗಳ 6 ಕೋಟಿ ಡಿಕ್ಕಿಗಳು. ಕೈ ಪಳಗಲಿ ಅಂತ ಮೊದಲು ಅದನ್ನೇ ಹಿಡಿದೆ. 3.1 ಜಿಇವಿಯಲ್ಲಿ ಜೆ-ಸೈ, 9.5ರ ಹತ್ತಿರ ಅಪ್ಸಿಲಾನ್, 91ರಲ್ಲಿ ಝಡ್, ಮೊದಲೇ ಗೊತ್ತಿದ್ದ ಕಣಗಳ ಒಂದೊಂದೇ ಶಿಖರ ಎದ್ದು ಬಂತು. 1974ರಲ್ಲಿ ಎರಡು ಪ್ರಯೋಗಾಲಯಗಳು ಒಟ್ಟೊಟ್ಟಿಗೆ ಜೆ-ಸೈ ಕಂಡು ಬೆರಗಾದವು. ಅದೇ ಗೆರೆ ನಮ್ಮ ಮೆತ್ತಿನ ಮೇಲೆ ಮೂಡಿದಾಗ ನನಗೆ ಕಣ್ಣು ತುಂಬಿ ಬಂತು.

ಹಿಗ್ಸ್ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಹಿಗ್ಸ್ ಒಡೆದು ನಾಲ್ಕು ಲೆಪ್ಟಾನ್ (ಇಲ್ಲಿ ಎಲೆಕ್ಟ್ರಾನ್ ಅಥವಾ ಮ್ಯೂಯಾನ್) ಆಗುವ ದಾರಿಯಲ್ಲಿ ಹತ್ತು ಸಾವಿರ ಹಿಗ್ಸ್‌ಗೆ ಒಂದೋ ಎರಡೋ ಮಾತ್ರ ಬರುತ್ತವೆ. ಮೊದಲ ಸಲ ದಿಬ್ಬವೇ ಇಲ್ಲ, ಎಲ್ಲಾ ಗದ್ದೆಯ ಹಾಗೆ ಸಮತಟ್ಟು. ನಾಲ್ಕನ್ನು ಎರಡು ಝಡ್‌ಗಳ ಜೋಡಿಯಾಗಿ ಕಟ್ಟುವಾಗ ವಿರುದ್ಧ ಚಾರ್ಜ್ ನೋಡದೆ, ಸುಮ್ನೆ ಜಾಸ್ತಿ ಸಂವೇಗದವನ್ನು ಸೇರಿಸಿದ್ದೆ. ತಿದ್ದಿದ ಮೇಲೆ ಎತ್ತರದ ದಿಬ್ಬ ಬಂತು. ಊರಿಗೆಲ್ಲ ಫೋನ್ ಮಾಡಿದೆ. ಮರುದಿನ ನೋಡಿದರೆ ಎರಡು ಎಲೆಕ್ಟ್ರಾನ್, ಎರಡು ಮ್ಯೂಯಾನ್ ಇರುವ ಡಿಕ್ಕಿಗಳು ಎಲೆಕ್ಟ್ರಾನ್ ಫೈಲು, ಮ್ಯೂಯಾನ್ ಫೈಲು ಎರಡರಿಂದಲೂ ಬಂದು ಎರಡೆರಡು ಸಲ ಎಣಿಕೆಯಾಗಿದ್ದವು. ಆ ರಾತ್ರಿ ಊಟ ಸೇರಲಿಲ್ಲ. ಪ್ರತಿ ಡಿಕ್ಕಿಗೂ ಇರುವ ರನ್ ಮತ್ತು ಈವೆಂಟ್ ಸಂಖ್ಯೆ ತಾಳೆ ಹಾಕಿ ಜೋಡಿ ಪ್ರತಿಗಳನ್ನು ತೆಗೆದೆ.

ನಡುವೆ ಕಾರವಾರದ ಬಂದರಿನಿಂದ ಮೀನಿನ ಐಸ್ ತಂದು ಕ್ಲೌಡ್ ಚೇಂಬರ್ (ಕಣ ಹಾದ ದಾರಿ ಮಂಜಿನ ಗೆರೆಯಾಗಿ ಕಾಣುವ ಪೆಟ್ಟಿಗೆ) ಕೂಡ ಮಾಡಿ ನೋಡಿದೆ. ಆಕಾಶದಿಂದ ಬರುವ ಮ್ಯೂಯಾನ್‌ನ ಗೆರೆಯನ್ನು ಕಣ್ಣಾರೆ ನೋಡುವ ಆಸೆ. ಉಪ್ಪು ಹಾಕಿದರೂ ಮೈನಸ್ 20ರ ಕೆಳಗೆ ಇಳಿಯಲಿಲ್ಲ, ಒಂದು ಗೆರೆಯೂ ಕಾಣಲಿಲ್ಲ. ಇನ್ನೂ ತಣ್ಣಗಿರುವ ಡ್ರೈ ಐಸ್ ಬೇಕು. ಅದು ಸಿಗುವವರೆಗೆ ಪೆಟ್ಟಿಗೆ ಅಟ್ಟದ ಮೇಲಿರಲಿ.

ಕೊನೆಗೆ ಗೆಲ್ಲಿಸಿದ್ದು ಐಸೋಲೇಶನ್ ಮಿತಿ, ಅಂದರೆ ಒಂದು ಕಣದ ಸುತ್ತ ಬೇರೆ ಕಣಗಳ ಗದ್ದಲ ಎಷ್ಟಿರಬಹುದು ಅನ್ನುವ ಗಡಿ. ಅಡಿಕೆ ಆರಿಸುವ ಹಾಗೆಯೇ ಅದು. ಬಿಗಿ ಮಾಡಿದರೆ ಒಳ್ಳೆಯದೂ ಹೋಗುತ್ತದೆ, ಸಡಿಲ ಬಿಟ್ಟರೆ ಗೋಟು ಸೇರುತ್ತದೆ. ಎಲೆಕ್ಟ್ರಾನಿಗೂ ಮ್ಯೂಯಾನಿಗೂ ಬೇರೆ ಬೇರೆ ಇಟ್ಟೆ. ಎಷ್ಟೆಷ್ಟು ಅನ್ನುವುದನ್ನು ಸದ್ಯ ಹೇಳುವುದಿಲ್ಲ, ಇನ್ನೊಂದು ಕೆಲಸಕ್ಕೆ ಬೇಕಿದೆ. ಜೋಡಿಗಳಲ್ಲಿ ಒಂದು ಝಡ್‌ನ ತೂಕಕ್ಕೆ ಹತ್ತಿರ ಇರಬೇಕು, ಇನ್ನೊಂದನ್ನು 12 ಜಿಇವಿಯಿಂದ ಮೇಲೆ ಬಿಟ್ಟೆ.

ಈಗ 91ರಲ್ಲಿ ಝಡ್ ತಾನಾಗಿ ಬಂತು. ಅದು ಬಂದರೆ ಲೆಕ್ಕ ಸರಿ ಇದೆ ಅಂತ ಧೈರ್ಯ, ಅಲ್ವಾ? 125ರ ಸುತ್ತ ಉಳಿದದ್ದು ಹತ್ತರ ಆಸುಪಾಸು ಡಿಕ್ಕಿಗಳು. ಹೊಸ ಕಣ ಸಿಕ್ಕಿತು ಅಂತ ಸಾರಲು ಅಷ್ಟು ಸಾಲದು, ಗೊತ್ತು. ಆದರೆ ಹಿಗ್ಸ್ ಇದ್ದರೆ ಹೀಗಿರಬೇಕು ಅನ್ನುವ ಸಿಮ್ಯುಲೇಶನ್ ಗೆರೆಯ ಮೇಲೆಯೇ ಕೂತಿವೆ.

ಬೆಳಿಗ್ಗೆ ಭಾವನೆಂಟನಿಗೆ ಪರದೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಫೈಲೆಲ್ಲಾ ಇನ್ನೊಂದು ಡಿಸ್ಕಿಗೂ ಹಾಕಿಡು ಭಾವ, ಸಿಡಿಲಿನ ಕಾಲ" ಅಂದ.