ಮಳೆಗಾಲ ಮುಗಿದ ಮೇಲೆ ಮುಳ್ಳಿನ ಕೆಲಸ

ನಮ್ಮ ಮನೆ ಸುರತ್ಕಲ್‌ನಲ್ಲಿ, ಕಡಲಿಗೆ ಹತ್ತಿರ. ಕಳೆದ ಅಕ್ಟೋಬರ್‌ನಲ್ಲಿ, ನಾಲ್ಕು ತಿಂಗಳ ಮಳೆ ಮುಗಿದ ಮೇಲೆ, ಯಕ್ಷಗಾನದ ಒಂದು ಎಲ್‌ಪಿ ಪ್ಲೇಟನ್ನು ಟರ್ನ್‌ಟೇಬಲ್ ಮೇಲೆ ಹಾಕಿದೆ. ಎಡಗಡೆ ಸ್ಪೀಕರ್ ಪೂರ್ತಿ ಮೌನ. ಬಲಗಡೆ ಭಾಗವತರ ದನಿ ಒಡೆದು ಬರುತ್ತಿತ್ತು, 'ಸ' ಬಂದಲ್ಲೆಲ್ಲ ಕಿವಿಗೆ ಚುಚ್ಚಿದ ಹಾಗೆ.

"ಮುಳ್ಳು ಸವೆದಿರಬೇಕು, ಹೊಸದು ತರಿಸು ಮಾರಾಯ" ಎಂದರು ಅಮ್ಮ. ನನಗೆ ಹಾಗನ್ನಿಸಲಿಲ್ಲ. ನನ್ನದು ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್, ಅಂದರೆ ಮುಳ್ಳಿನ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಪುಟ್ಟ ಭಾಗ. ಪ್ಲೇಟಿನ ಗೆರೆಯಲ್ಲಿ ಓಡುವ ಅದರ ಮುಳ್ಳಿಗೆ ಸುಮಾರು 300 ಗಂಟೆ ಆಯುಷ್ಯ. ಒಂದು ಬದಿಗೆ 20 ನಿಮಿಷ ಅಂದರೆ 900 ಬದಿ. ಪ್ರತಿ ಸಲ ಹಾಕಿದ್ದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಅದರಲ್ಲಿ ಇನ್ನೂ 400 ಬದಿಯೂ ಆಗಿರಲಿಲ್ಲ.

ಮೊದಲು ಮೌನವಾದ ಬದಿ. ಆಂಪ್ಲಿಫೈಯರ್ ಆಫ್ ಮಾಡಿ, ಅದರ ಹಿಂದೆ ಚುಚ್ಚಿದ ಟರ್ನ್‌ಟೇಬಲ್ ತಂತಿಯ ಕೆಂಪು, ಬಿಳಿ ಪಿನ್‌ಗಳನ್ನು ಅದಲು ಬದಲು ಮಾಡಿದೆ. ಮೌನ ಬಲಗಡೆಗೆ ಹೋಯಿತು. ಅಲ್ಲಿಗೆ ಆಂಪ್ಲಿಫೈಯರ್, ಸ್ಪೀಕರ್ ಎರಡೂ ಸರಿಯಿವೆ, ತೊಂದರೆ ಟರ್ನ್‌ಟೇಬಲ್‌ನಲ್ಲೇ ಎಂದು ಗೊತ್ತಾಯಿತು. ಕಾರ್ಟ್ರಿಜ್‌ನ ಹಿಂದೆ ನಾಲ್ಕು ಪುಟ್ಟ ಕಡ್ಡಿಗಳಿವೆ. ಬಿಳಿ, ನೀಲಿ ಎಡದ್ದು. ಕೆಂಪು, ಹಸಿರು ಬಲದ್ದು. ಬಿಳಿ ತಂತಿಯ ಕ್ಲಿಪ್ ತೆಗೆದು ನೋಡಿದರೆ ಕಡ್ಡಿ ಕಪ್ಪಾಗಿತ್ತು. ಉಪ್ಪುಗಾಳಿಯ ಕೆಲಸ, ಇನ್ನೇನು! ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿದೆ. ಸಡಿಲವಾಗಿದ್ದ ಕ್ಲಿಪ್ಪನ್ನು ಹಲ್ಲುಕಡ್ಡಿಯ ಸುತ್ತ ಮೆಲ್ಲಗೆ ಒತ್ತಿ ಬಿಗಿ ಮಾಡಿದೆ. ಚಿಮುಟದಿಂದ ಹಿಡಿಯುವಾಗ ಕ್ಲಿಪ್ಪನ್ನೇ ಹಿಡಿಯಬೇಕು. ತಂತಿ ಎಳೆದರೆ ಕೂದಲಿನ ಹಾಗೆ ಕಿತ್ತು ಬರುತ್ತದೆ. ಕಾರ್ಟ್ರಿಜ್‌ನಲ್ಲಿರುವಾಗ ಆ ಕಡ್ಡಿಗಳಿಗೆ ಬೆಸುಗೆ ಹಾಕಲೇಬಾರದು, ಬಿಸಿಗೆ ಒಳಗಿನ ಸುರುಳಿ ಸುಡಬಹುದು.

ಎಡಗಡೆ ಸದ್ದು ಬಂತು. ಆದರೆ 'ಸ' ಇನ್ನೂ ಹಾಗೇ ಇತ್ತು.

ಭೂತಗನ್ನಡಿ ಹಿಡಿದು ನೋಡಿದೆ. ವಜ್ರದ ತುದಿಗೆ ಬೂದು ಬಣ್ಣದ ಗಡ್ಡೆ. ಪ್ಲೇಟಿನ ಬೂಷ್ಟು, ಧೂಳು ಸೇರಿ ಗಟ್ಟಿಯಾಗಿತ್ತು. ಬ್ರಶ್‌ನಿಂದ ಹಿಂದಿನಿಂದ ಮುಂದಕ್ಕೆ ಎಳೆದೆ. ಪ್ಲೇಟು ತಿರುಗುವಾಗ ಮುಳ್ಳಿನಡಿ ಸಾಗುವ ದಿಕ್ಕೇ ಅದು. ಅಡ್ಡ ಎಳೆದರೆ ಮುಳ್ಳು ಹಿಡಿದ ಸಣ್ಣ ಕಡ್ಡಿ ಬಾಗುತ್ತದೆ. ಗಡ್ಡೆ ಹೋಗಲಿಲ್ಲ. ನಿಲ್ಲಿಸಿದ ಟರ್ನ್‌ಟೇಬಲ್ ಮೇಲೆ ಮೆಲಮೈನ್ ಸ್ಪಂಜಿನ ತುಂಡು ಇಟ್ಟು, ಲಿವರ್‌ನಿಂದ ಕಾರ್ಟ್ರಿಜ್ ಹೊತ್ತ ತೋಳನ್ನು ನೇರ ಕೆಳಗಿಳಿಸಿ ಎತ್ತಿದೆ. ಮೂರು ಸಲಕ್ಕೆ ತುದಿ ಹೊಳೆಯಿತು. ಇಲ್ಲಿ ಆಲ್ಕೋಹಾಲ್ ಬಳಸಲಿಲ್ಲ. ಜಾಸ್ತಿಯಾಗಿ ಮೇಲೇರಿದರೆ ಮುಳ್ಳು ಹಿಡಿದ ಅಂಟಿಗೂ ಒಳಗಿನ ರಬ್ಬರಿಗೂ ಕಷ್ಟ.

ಆಮೇಲೆ ಮುಳ್ಳು ಪ್ಲೇಟಿನ ಮೇಲೆ ಒತ್ತುವ ಭಾರವನ್ನು ಪುಟ್ಟ ತಕ್ಕಡಿಯಲ್ಲಿ ನೋಡಿದರೆ 1.5 ಗ್ರಾಂ! ಮಳೆಗೆ ಮೊದಲು ಒರೆಸುವಾಗ ತೋಳಿನ ಹಿಂದಿನ ಭಾರದ ಗುಂಡು ಸರಿದಿರಬೇಕು. ಈ ಕಾರ್ಟ್ರಿಜ್‌ಗೆ 1.8ರಿಂದ 2.2 ಬೇಕು. 2ಕ್ಕೆ ಇಟ್ಟೆ. ಭಾರ ಕಡಿಮೆಯಾದರೆ ಪ್ಲೇಟಿಗೆ ಒಳ್ಳೆಯದು ಅಂತ ತುಂಬಾ ಜನ ತಿಳಿದಿದ್ದಾರೆ, ಅದು ತಪ್ಪು. ಮುಳ್ಳು ಗೆರೆಯಲ್ಲಿ ಕೂರದೆ ಕುಣಿದು ಗೋಡೆಗಳನ್ನು ಕೆಡಿಸುತ್ತದೆ.

ಅದೇ ಪ್ಲೇಟನ್ನು ತೊಳೆದು ಒಣಗಿಸಿ ಮತ್ತೆ ಹಾಕಿದೆ. ಚೆಂಡೆ, ಜಾಗಟೆ, ಭಾಗವತರ ದನಿ ಎಲ್ಲ ಬೇರೆ ಬೇರೆಯಾಗಿ ಕೇಳಿದವು. ಅಮ್ಮ ಅಡುಗೆಮನೆಯಿಂದ ಬಂದು ಕೂತರು. ಈ ವರ್ಷ ಮೇ ತಿಂಗಳಲ್ಲೇ ಹೆಡ್‌ಶೆಲ್ (ತೋಳಿನ ತುದಿಯಲ್ಲಿ ಕಾರ್ಟ್ರಿಜ್ ಕೂರುವ ಭಾಗ) ಕಳಚಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ.