ಬೆಲ್ ಆದರೆ ಕಂಬಳಿಗೆ: ಪಿಂಕಿಯ ಬೊಗಳುವಿಕೆ ತಗ್ಗಿದ ಬಗೆ

ಪಮೇರಿಯನ್ ಎಂಬ ಹೆಸರಿನಲ್ಲಿ ನಮ್ಮಲ್ಲಿ ಮಾರಾಟವಾಗುವ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್ ಎಂಬುದೂ, ಆ ತಳಿಯ ಬಾಯಿಗೆ ಬಿಡುವೇ ಇಲ್ಲವೆಂಬುದೂ ಸಾಕಿದವರಿಗೆಲ್ಲ ತಿಳಿದ ವಿಷಯ. 'ಸ್ಪಿಟ್ಜ್ ಬೊಗಳುವುದನ್ನು ಬಿಡಿಸಲಾಗದು, ಬೇಕಾದರೆ ನೀವೇ ಮನೆ ಬದಲಾಯಿಸಿ' ಎಂದು ನನಗೆ ಹೇಳಿದವರಲ್ಲಿ ಎರಡೆರಡು ನಾಯಿ ಸಾಕಿದ ಗೆಳತಿಯರಿದ್ದರು, ನಮ್ಮಿಂದಲೇ ಶುಲ್ಕ ಪಡೆದ ತರಬೇತುದಾರರೊಬ್ಬರಿದ್ದರು, ನಮ್ಮ ಯಜಮಾನರೂ ಇದ್ದರು. ಮೈಸೂರಿನ ಕುವೆಂಪುನಗರದ ನಮ್ಮ ಎರಡನೆಯ ಮಹಡಿಯ ಮನೆಯಲ್ಲಿ ಈಗ ಕಾಲಿಂಗ್ ಬೆಲ್ ಆದರೆ ನಮ್ಮ ಸ್ಪಿಟ್ಜ್ ಪಿಂಕಿ ಒಂದೆರಡು ಸಲ ಬೊಗಳಿ, ಊಟದ ಮೇಜಿನ ಪಕ್ಕದ ಹಳೆಯ ಕಂಬಳಿಯ ಮೇಲೆ ಹೋಗಿ ಕುಳಿತುಕೊಳ್ಳುತ್ತಾಳೆ. ಹಿಂದೆ ಇದೇ ಬೊಗಳುವಿಕೆ ಬಾಗಿಲು ತೆರೆದು ಮುಚ್ಚಿದ ಮೇಲೂ ಮೂರು ನಾಲ್ಕು ನಿಮಿಷ ನಡೆಯುತ್ತಿತ್ತು.

ಹಣ ಹೋದ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ. ಮನುಷ್ಯರ ಕಿವಿಗೆ ಕೇಳದ ಸದ್ದು ಹೊರಡಿಸುವ ಯಂತ್ರವೊಂದನ್ನು ಸುಮಾರು 1,400 ರೂಪಾಯಿಗೆ ತರಿಸಿದೆವು. ನಮಗೆ 20,000 ಹರ್ಟ್ಜ್‌ನ ಆಚೆಗೆ ಏನೂ ಕೇಳಿಸದಿದ್ದರೆ ನಾಯಿಗೆ ಸುಮಾರು 45,000ದವರೆಗೂ ಕೇಳಿಸುತ್ತದೆ. ಹಾಗಾಗಿ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಪಿಂಕಿಯ ಮುಖವನ್ನಷ್ಟೇ ನೋಡಬೇಕಿತ್ತು. ಮೊದಲ ವಾರ ಅವಳು ಬೊಗಳುವುದನ್ನು ನಿಲ್ಲಿಸಿ ಗೋಡೆಯತ್ತ ನೋಡುತ್ತಿದ್ದಳು, ಎರಡನೆಯ ವಾರ ಗೋಡೆಯತ್ತ ನೋಡುತ್ತಲೇ ಬೊಗಳತೊಡಗಿದಳು. ಆಮೇಲೆ ಬಂದದ್ದು ಬೊಗಳಿದೊಡನೆ ಕುತ್ತಿಗೆಯ ಬಳಿ ನಾಯಿಗೆ ಹಿಡಿಸದ ವಾಸನೆಯ ಸಿಟ್ರೊನೆಲ್ಲಾ ಎಣ್ಣೆ ಚಿಮ್ಮಿಸುವ ಕಾಲರ್. ಅದಕ್ಕೆ ಐದು ಸಾವಿರದ ಆಸುಪಾಸು ಆಗಿತ್ತು. ಅದರ ಮೈಕಿಗೆ ಬೊಗಳುವಿಕೆಗೂ ಕುಕ್ಕರಿನ ಸೀಟಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲವಾದ್ದರಿಂದ, ಬೇಳೆ ಬೇಯುವ ಹೊತ್ತಿನಲ್ಲಿ ಏನೂ ಮಾಡದೆ ಮಲಗಿದ್ದ ನಾಯಿಯ ಮೇಲೆ ಎಣ್ಣೆ ಸಿಂಪಡಣೆಯಾಗುತ್ತಿತ್ತು. ತಿಂಗಳೊಳಗೆ ಪಿಂಕಿ ಕಾಲರ್ ಇದ್ದಾಗ ಸುಮ್ಮನಿದ್ದು, ಬಿಚ್ಚಿದಾಗ ಅಷ್ಟನ್ನೂ ಸೇರಿಸಿ ಬೊಗಳುವುದನ್ನು ಕಲಿತಳು. ತರಬೇತುದಾರರು ತಿಂಗಳಿಗೆ ಆರು ಸಾವಿರದಂತೆ ಎರಡು ತಿಂಗಳು ಬಂದರು. ಎಳೆದರೆ ಕುತ್ತಿಗೆಗೆ ಬಿಗಿಯುವ ಅವರ ಚೋಕ್ ಚೈನ್ ಕಂಡರೆ ನಾಯಿ ಮೂಕವಾಗುತ್ತಿತ್ತು, ಅವರ ಸ್ಕೂಟರ್ ಗೇಟು ದಾಟಿದರೆ ಮಾತು ಮರಳುತ್ತಿತ್ತು. ಚಿಲ್ಲರೆ ತುಂಬಿದ ಡಬ್ಬ ಅಲ್ಲಾಡಿಸಿ ಎಂದವರ ಮಾತನ್ನೂ ಕೇಳಿದೆವು. ಬೊಗಳುವುದು ನಿಲ್ಲಲಿಲ್ಲ, ಅಡುಗೆಮನೆಯಲ್ಲಿ ಯಾರಾದರೂ ಸ್ಟೀಲ್ ಡಬ್ಬ ತೆಗೆದರೆ ಪಿಂಕಿ ಮಂಚದ ಕೆಳಗೆ ಸೇರುವುದೊಂದು ಹೊಸದಾಗಿ ಆರಂಭವಾಯಿತು. ವಿದ್ಯುತ್ ಆಘಾತ ಕೊಡುವ ಕಾಲರ್ ತರಿಸೋಣವೆಂಬ ಸಲಹೆಯನ್ನು ಮಾತ್ರ ನಾನು ಒಪ್ಪಲಿಲ್ಲ. ಒಟ್ಟಾರೆ ಇಪ್ಪತ್ತು ಸಾವಿರ ಮುಟ್ಟುವಷ್ಟು ಖರ್ಚಾಗಿತ್ತು.

ಈ ನಡುವೆ ನಾಯಿಯನ್ನು ಬೇರೆಡೆ ಬಿಡಬೇಕೆಂಬ ಮಾತು ಕಟ್ಟಡದ ಸಭೆಯಲ್ಲಿ ಬಂತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಬಹುಮತವಿದ್ದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಬೊಗಳುವುದನ್ನು ಅದಕ್ಕೆ ಕಾರಣವಾಗಿ ತೋರಿಸುವಂತೆಯೂ ಇಲ್ಲ. ಆದರೆ ಅದೇ ಮಾರ್ಗಸೂಚಿ, ವಿಶೇಷವಾಗಿ ರಾತ್ರಿಯ ವೇಳೆಯಲ್ಲಿ, ನಾಯಿಯನ್ನು ಸುಮ್ಮನಿರಿಸುವ ಹೊಣೆಯನ್ನು ಸಾಕಿದವರ ಮೇಲೆಯೇ ಹೊರಿಸುತ್ತದೆ. ಮೊದಲ ಭಾಗವನ್ನು ಮಾತ್ರ ಮುದ್ರಿಸಿ ಲಿಫ್ಟಿನಲ್ಲಿ ಅಂಟಿಸೋಣವೆಂದು ಯಜಮಾನರು ಸೂಚಿಸಿದರು. ನಾನು ಎರಡನೆಯ ಭಾಗವನ್ನು ಹಿಡಿದುಕೊಂಡೆ.

ಪಶುವೈದ್ಯರಲ್ಲಿ ಕಿವಿ, ಹಲ್ಲು, ಥೈರಾಯ್ಡ್ ತಪಾಸಣೆ ಮುಗಿಸಿ, ನೋವಿನಿಂದ ಬೊಗಳುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಒಂದು ವಾರ ಫೋನನ್ನು ನಡುಮನೆಯಲ್ಲಿಟ್ಟು ಇಡೀ ದಿನದ ಸದ್ದನ್ನು ಮುದ್ರಿಸಿಕೊಂಡೆ. ನನಗೆ ಸಿಕ್ಕ ಲೆಕ್ಕ ಸರಿಸುಮಾರು ಹೀಗಿತ್ತು: ಅರ್ಧದಷ್ಟು ಬೊಗಳುವಿಕೆ ಬೆಲ್ ಮತ್ತು ಬಾಗಿಲಿನದು, ಮೂರರಲ್ಲೊಂದು ಪಾಲು ಬಾಲ್ಕನಿಯ ಗ್ರಿಲ್‌ನದು, ಉಳಿದದ್ದು ಊಟದ ತಟ್ಟೆಯದು ಮತ್ತು ನಾವು ಹೊರಗೆ ಹೋದಾಗಿನದು. ಗ್ರಿಲ್‌ನದಕ್ಕೆ ತರಬೇತಿಯೇ ಬೇಕಾಗಲಿಲ್ಲ. ನಾಯಿಯ ಕಣ್ಣಿನ ಎತ್ತರಕ್ಕಿಂತ ಒಂದು ಗೇಣು ಮೇಲಿನವರೆಗೆ ಅಕ್ರಿಲಿಕ್ ಹಾಳೆ ಕಟ್ಟಿಸಿ, ಅದಕ್ಕೆ ಬಚ್ಚಲಮನೆಯ ಕಿಟಕಿಗೆ ಅಂಟಿಸುವ ಮಸುಕು ಫಿಲ್ಮ್ ಅಂಟಿಸಿದೆ. ಎಲ್ಲ ಸೇರಿ ಒಂದೂವರೆ ಸಾವಿರವಾದೀತು. ಬೀದಿ ಕಾಣದಾದ ಮೇಲೆ ಬೀದಿಯ ಮೇಲಿನ ಸಿಟ್ಟೂ ಇಳಿಯಿತು. ಆ ಇಪ್ಪತ್ತು ಸಾವಿರದ ಮುಂದೆ ಈ ಖರ್ಚನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಬೆಲ್‌ನ ವಿಷಯದಲ್ಲಿ ನಾನು ಮಾಡಿದ್ದನ್ನು ಹೆಚ್ಚಿನವರು ಮಾಡಿಲ್ಲವೆಂದೇ ನನ್ನ ನಂಬಿಕೆ. ಹಳೆಯ ಬೆಲ್‌ಗೆ ನಾಲ್ಕು ವರ್ಷದ ಜಗಳದ ಚರಿತ್ರೆಯಿತ್ತು. ಅದರ ಮೇಲೆ ತಿಂಡಿಯಾಗಿ ಎಷ್ಟು ಕೋಳಿಯ ಲಿವರ್ ಸುರಿದರೂ ವ್ಯರ್ಥವೆಂದು ತೋರಿತು. ಅದರ ತಂತಿಯನ್ನೇ ಕಳಚಿ, ಮೂವತ್ತಕ್ಕೂ ಹೆಚ್ಚು ರಾಗಗಳೂ ನಾಲ್ಕು ಹಂತದ ಧ್ವನಿಯೂ ಇರುವ ವೈರ್‌ಲೆಸ್ ಬೆಲ್ ಒಂದನ್ನು 450 ರೂಪಾಯಿಗೆ ಕೊಂಡೆ. ಅದರ ಗುಂಡಿಯನ್ನು ಸುಮಾರು ಆರು ವಾರ ಬಾಗಿಲಿನ ಹೊರಗೆ ಹಾಕಲೇ ಇಲ್ಲ, ನನ್ನ ಸೆರಗಿನಲ್ಲೇ ಇಟ್ಟುಕೊಂಡಿದ್ದೆ. ಅಷ್ಟು ದಿನವೂ ಬರುವವರು ಫೋನ್ ಮಾಡಬೇಕೆಂಬ ಚೀಟಿ ಬಾಗಿಲಿನ ಮೇಲಿತ್ತು. ಕೊರಿಯರ್ ಹುಡುಗರು ಅದನ್ನು ಓದದೆ ಬಾಗಿಲು ಬಡಿಯುತ್ತಿದ್ದುದು ಬೇರೆ ಮಾತು. ಅತಿ ಸಣ್ಣ ಧ್ವನಿಯಲ್ಲಿ ರಾಗ ಕೇಳಿಸಿದೊಡನೆ ಕಂಬಳಿಯ ಮೇಲೆ ಲಿವರ್ ಚೂರು ಬೀಳುತ್ತಿತ್ತು. ನಾಯಿ ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, ಬೊಗಳಿದರೂ ಬೀಳುತ್ತಿತ್ತು. ಬೊಗಳುವ ನಾಯಿಗೆ ತಿಂಡಿ ಕೊಟ್ಟು ಇನ್ನಷ್ಟು ಕೆಡಿಸುತ್ತಿದ್ದೀರೆಂದು ಎಲ್ಲರೂ ನಕ್ಕದ್ದು ಇಲ್ಲಿಯೇ. ರಾಗ ಕೇಳಿದ ಕ್ಷಣ ಅವಳು ಬಾಗಿಲಿನ ಬದಲು ಕಂಬಳಿಯತ್ತ ತಿರುಗಿದ ದಿನ ನನಗೆ ಸರಿದಾರಿ ಸಿಕ್ಕಿತೆಂದು ತಿಳಿಯಿತು. ಆಮೇಲೆ ಧ್ವನಿಯ ಹಂತ ಏರಿಸಿ, ಬಾಗಿಲು ಬಡಿಯುವ ಸದ್ದು ಸೇರಿಸಿ, ಕೊನೆಯಲ್ಲಿ ಮನುಷ್ಯರನ್ನು ತಂದೆವು. ಕೆಳಗಿನ ಮನೆಯ ಏಳನೆಯ ತರಗತಿಯ ಹುಡುಗ ಸಂಜೆಗೆ ಹತ್ತು ರೂಪಾಯಿಯಂತೆ ಗುಂಡಿ ಒತ್ತುವ ನೌಕರಿಗೆ ನಿಂತ. ಎರಡು ವಾರಗಳಲ್ಲಿ ಅವನು ಸಂಬಳ ಹೆಚ್ಚಿಸಲು ಕೇಳಿದ, ಹೆಚ್ಚಿಸಿದೆ.

ಕೋಳಿಯ ಲಿವರನ್ನು ಬೇಯಿಸಿ, ಬಟಾಣಿ ಗಾತ್ರಕ್ಕೆ ಕತ್ತರಿಸಿ ಫ್ರೀಜರಿನಲ್ಲಿಟ್ಟರೆ ಕಾಲು ಕಿಲೋ ಒಂದು ವಾರ ಬರುತ್ತದೆ. ಐವತ್ತು ಅರವತ್ತು ರೂಪಾಯಿಗಿಂತ ಹೆಚ್ಚು ಬೀಳುವುದಿಲ್ಲ. ಅತ್ತೆಯವರ ಮಡಿಗೆ ಭಂಗ ಬಾರದಂತೆ ಅದನ್ನು ಯುಟಿಲಿಟಿಯಲ್ಲಿ ಬೇರೆ ಸ್ಟೌವಿನ ಮೇಲೆ ಬೇಯಿಸುತ್ತೇನೆ. ಲಿವರಿನಲ್ಲಿ ಎ ಜೀವಸತ್ವ ಹೇರಳ, ಅದು ಅತಿಯಾದರೆ ನಾಯಿಗೆ ಕೆಡುಕು, ಆದ್ದರಿಂದ ಚೂರು ಸಣ್ಣದಿರಲಿ. ದಿನ ಬಿಟ್ಟು ದಿನ ಪನೀರನ್ನೋ ಬೇಯಿಸಿದ ಗೆಣಸನ್ನೋ ಕೊಟ್ಟು ಸರಿದೂಗಿಸಬಹುದು. ಬೇಯಿಸುವ ನೀರಿಗೆ ನಾನು ಇನ್ನೊಂದು ಪದಾರ್ಥವನ್ನು ಹಾಕುತ್ತೇನೆ, ಅದರ ವಾಸನೆಗೆ ಪಿಂಕಿ ಬೀದಿಯ ನಾಯಿಯನ್ನೂ ಮರೆಯುತ್ತಾಳೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಖಂಡಿತ ಅಲ್ಲ, ಅವು ನಾಯಿಗೆ ವಿಷ.

ಬೆಳಗಿನ ಪೌರಕಾರ್ಮಿಕರ ಸೀಟಿ ಬೆಲ್‌ಗಿಂತ ಕಠಿಣವಾಗಿತ್ತು, ಏಕೆಂದರೆ ಅದರ ರಾಗ ಬದಲಾಯಿಸುವ ಅಧಿಕಾರ ನನಗಿಲ್ಲ. ಇಲ್ಲಿ ನನಗೆ ದಾರಿ ತೋರಿಸಿದ್ದು ದಸರೆ. ಜಂಬೂಸವಾರಿಯ ದಿನ ಸಿಡಿಯುವ 21 ಸುತ್ತಿನ ಕುಶಾಲತೋಪಿಗೆ ಆನೆ ಕುದುರೆಗಳು ಬೆದರಬಾರದೆಂದು ಮುಂಚಿತವಾಗಿಯೇ ಫಿರಂಗಿಯ ತಾಲೀಮು ನಡೆಸುತ್ತಾರೆ, ಹೊಸ ಆನೆಗಳನ್ನು ಅನುಭವಿ ಆನೆಗಳ ಜೊತೆಗೆ ನಿಲ್ಲಿಸುತ್ತಾರೆ. ಪಿಂಕಿಯ ಜೊತೆಗೆ ನಿಲ್ಲಿಸಲು ಅನುಭವಿ ನಾಯಿ ನನ್ನಲ್ಲಿರಲಿಲ್ಲ, ಆದ್ದರಿಂದ ದೂರವನ್ನು ನೆಚ್ಚಿಕೊಂಡೆ. ಅಂಥದೇ ಸೀಟಿಯೊಂದನ್ನು ಮೂವತ್ತು ರೂಪಾಯಿಗೆ ಕೊಂಡು ಯಜಮಾನರ ಕೈಗೆ ಕೊಟ್ಟು, ಮೊದಲು ಎರಡು ಬೀದಿ ಆಚೆಯ ಪಾರ್ಕಿನಿಂದ, ಆಮೇಲೆ ತಿರುವಿನಿಂದ, ಕೊನೆಗೆ ಗೇಟಿನಿಂದ ಊದಿಸಿದೆ. ತಮ್ಮಂಥ ನಿವೃತ್ತ ಅಧಿಕಾರಿಯೊಬ್ಬರು ಪಾರ್ಕಿನಲ್ಲಿ ಸೀಟಿ ಊದುತ್ತ ನಿಂತದ್ದನ್ನು ಕಂಡು ಎರಡು ಮನೆಯವರು ಕಸದ ಬುಟ್ಟಿ ಹಿಡಿದು ಹೊರಬಂದರೆಂದು ಅವರು ಇಂದಿಗೂ ದೂರುತ್ತಾರೆ.

ತಟ್ಟೆಯ ಬಳಿಯ ಬೊಗಳುವಿಕೆಗೆ ಲಿವರ್ ನಡೆಯುವುದಿಲ್ಲ. ಬೊಗಳಿದೊಡನೆ ಎಲ್ಲರೂ ಬೆನ್ನು ತಿರುಗಿಸಬೇಕು, ಸುಮ್ಮನಾದ ಮೇಲೆ ಮಾತ್ರ ಕಂಬಳಿಯ ಮೇಲೆ ಅವಳ ಪಾಲು ಬೀಳಬೇಕು. ನಾಲ್ಕೈದು ದಿನ ಅದು ತಗ್ಗುವ ಬದಲು ಇಮ್ಮಡಿಯಾಗುತ್ತದೆ. ಬಹಳ ಮಂದಿ ಕೈಬಿಡುವುದು ಇದೇ ಸಮಯದಲ್ಲಿ. ನಮ್ಮಲ್ಲಿ ಐದನೆಯ ರಾತ್ರಿಯ ಹೊತ್ತಿಗೆ ಅತ್ತೆಯವರು ತಾಳಲಾರದೆ ಮೇಜಿನ ಕೆಳಗಿನಿಂದ ಒಂದು ಚೂರು ಚಪಾತಿ ದಾಟಿಸಿಬಿಟ್ಟರು. ಅಲ್ಲಿಗೆ ಎಲ್ಲವೂ ಮೊದಲಿನಿಂದ. ಎರಡನೆಯ ಸುತ್ತಿನಲ್ಲಿ ಅತ್ತೆಯವರ ಊಟವನ್ನು ಧಾರಾವಾಹಿಯ ವೇಳೆಗೆ, ಟಿವಿಯ ಮುಂದಕ್ಕೆ, ಸ್ಥಳಾಂತರಿಸಿದ ಮೇಲೆ ಹತ್ತು ದಿನಗಳೊಳಗೆ ಮುಗಿಯಿತು.

ಹೇಳಿದಾಗ ಮಾತ್ರ ಬೊಗಳುವುದನ್ನು ಕಲಿಸಿದರೆ ಉಳಿದ ಹೊತ್ತು ಸುಮ್ಮನಿರುತ್ತದೆಂದು ಕೇಳಿ ಅದನ್ನೂ ನೋಡಿದೆ. ಎರಡು ದಿನಗಳಲ್ಲಿ ಕಲಿತಳು. ಮೂರನೆಯ ದಿನದಿಂದ ನಾನು ಹೇಳುವ ಮೊದಲೇ ಬೊಗಳಿ ಲಿವರಿಗಾಗಿ ಕೈ ನೋಡತೊಡಗಿದಳು, ಬಿಟ್ಟುಬಿಟ್ಟೆ. ನಾವು ಹೊರಗೆ ಹೋಗುವಾಗ ಆಕಾಶವಾಣಿ ಹಾಕಿಟ್ಟು, ರಬ್ಬರಿನ ಟೊಳ್ಳು ಆಟಿಕೆಯಲ್ಲಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ಮೊಸರನ್ನ ತುಂಬಿಟ್ಟು ಹೋಗುವುದರಿಂದ ಒಂದಷ್ಟು ಫಲ ಸಿಕ್ಕಿದೆ. ಫೋನಿನಲ್ಲಿ ಕೇಳಿದಂತೆ ಬಾಗಿಲು ಹಾಕಿದ ಮೇಲೆ ಎರಡು ಮೂರು ನಿಮಿಷ ಇನ್ನೂ ಕೂಗಾಟವಿದೆ. ಬೀಗದ ಕೈಯ ಸದ್ದಿಗೂ ಬೆಲ್‌ನಂತೆಯೇ ಹಂತ ಹಂತವಾಗಿ ಮಾಡುತ್ತಿದ್ದೇನೆ, ಅದು ಮುಗಿದಿಲ್ಲ.

ಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದ ನಾಲ್ಕನೆಯ ಮಹಡಿಯವರು ಕಳೆದ ತಿಂಗಳು ತಾವೇ ಒಂದು ಬೀಗಲ್ ಮರಿ ತಂದು, ಅದು ಊಳಿಡುವುದನ್ನು ತಡೆಯಲಾರದೆ ನನ್ನ ಬಳಿ ಬಂದರು. ಹಣ ಕೊಡುತ್ತೇವೆಂದರು, ಬೇಡವೆಂದೆ. ಅದೇ ಕಂಪನಿಯ ಬೆಲ್ ಕೊಂಡರೂ ನಮ್ಮ ರಾಗ ಮಾತ್ರ ಇಡಬಾರದೆಂಬ ಷರತ್ತು ಹಾಕಿದೆ. ಅವರ ಮಗ ಆ ಷರತ್ತನ್ನು ಮರೆತು ನಮ್ಮ ರಾಗವನ್ನೇ ಇಟ್ಟಿದ್ದಾನೆ. ಮೇಲೆ ಯಾರು ಬಂದರೂ ಪಿಂಕಿ ಕಂಬಳಿಗೆ ಓಡಿ ಕುಳಿತು ನನ್ನ ಮುಖ ನೋಡುತ್ತಾಳೆ, ಲಿವರಿನ ಖರ್ಚು ವಾರಕ್ಕೆ ನೂರು ದಾಟಿದೆ.